ಸುಂಟಿಕೊಪ್ಪದಲ್ಲಿ ಕಂಡ ಮೇಘನಿರ್ಮಾಣ

ಮೈಸೂರಿನಿಂದ ಮಡಿಕೇರಿಗೆ ಪ್ರಯಾಣ ಮಾಡುವವರಲ್ಲಿ ಬಹುಮಂದಿಗೆ ಸುಂಟಿಕೊಪ್ಪವೆಂಬುದು ಬಸ್ಸಿನ ಕಿಟಕಿಯಲ್ಲಿ ಕ್ಷಣಮಾತ್ರ ಕಂಡು ಮರೆಯಾಗುವ ಒಂದು ಹೆಸರುಹಲಗೆ. ಇನ್ನೇನು ಮಡಿಕೇರಿ ಬಂದಿತೆಂದು ಚೀಲಗಳನ್ನು ಸರಿಪಡಿಸಿಕೊಳ್ಳುವುದಕ್ಕೂ ಮಲಗಿದ ಮಕ್ಕಳನ್ನು ಎಬ್ಬಿಸುವುದಕ್ಕೂ ಅದೊಂದು ಗುರುತು. ನಾವೂ ಎಷ್ಟೋ ಸಾರಿ ಹಾಗೆಯೇ ಹಾದುಹೋದವರು. ಕಳೆದ ಪುಷ್ಯಮಾಸದಲ್ಲಿ ಮಾತ್ರ ಅಲ್ಲಿ ಇಳಿಯುವ ಯೋಗವು ಒದಗಿತು. ಹಿಂದೆ ನಮ್ಮಲ್ಲಿ ಓದಿದ್ದ ಶಿಷ್ಯನೊಬ್ಬನು ಆ ಊರಿನಲ್ಲಿ ಛಾಯಾಚಿತ್ರದ ಅಂಗಡಿಯನ್ನು ಇಟ್ಟುಕೊಂಡಿದ್ದಾನೆ. "ಮೇಷ್ಟ್ರೇ, ಈಗ ಶಾಲೆಯ ಗಂಟೆಯ ಹಂಗಿಲ್ಲವಲ್ಲ, ಕಾಫಿ ಕುಯ್ಲಿನ ಕಾಲದಲ್ಲಿ ನಾಲ್ಕು ದಿನ ಬಂದಿರಿ" ಎಂದು ಎರಡು ವರ್ಷಗಳಿಂದ ಕರೆಯುತ್ತಲೇ ಇದ್ದನು. ಕರೆದಾಗ ಹೋಗದಿದ್ದರೆ ಮುಂದೆ ಕರೆಯುವವರಿರುವುದಿಲ್ಲವೆಂದು ಮನೆಯಲ್ಲಿ ಎಚ್ಚರಿಸಲಾಗಿ ಹೊರಟೆವು.

ದಾರಿಯ ವರ್ಣನೆಯನ್ನು ಬೆಳೆಸುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಬೈಲುಕುಪ್ಪೆಗಳನ್ನು ದಾಟಿ ಕೊಪ್ಪದ ಬಳಿ ಕಾವೇರಿಯ ಸೇತುವೆಯನ್ನು ಹಾದರೆ ಕೊಡಗು. ಕುಶಾಲನಗರದಿಂದಾಚೆ ಗುಡ್ಡೆಹೊಸೂರು ಕಳೆದು ಆನೆಕಾಡನ್ನು ಪ್ರವೇಶಿಸಿದೊಡನೆ ಗಾಳಿಯ ಗುಣವೇ ಬೇರೆಯಾಗುವುದು. ಅಲ್ಲಿಂದ ಮುಂದೆ ಏರು. ಏಳನೆಯ ಹೊಸಕೋಟೆಯನ್ನು ದಾಟುವ ಹೊತ್ತಿಗೆ ರಸ್ತೆಯ ಎರಡು ಮಗ್ಗುಲಲ್ಲಿಯೂ ಕಾಫಿಯ ತೋಟಗಳು; ಮೇಲೆ ನೆರಳಿನ ಮರಗಳು; ಮರಗಳನ್ನು ತಬ್ಬಿಕೊಂಡು ಮೆಣಸಿನ ಬಳ್ಳಿಗಳು. ಭಾರತದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಈ ಪುಟ್ಟ ಜಿಲ್ಲೆಯದೆಂದು ಹೇಳುತ್ತಾರೆ. ಅದನ್ನು ಅಂಕಿಗಳಲ್ಲಿ ಓದುವುದು ಬೇರೆ, ಪುಷ್ಯಮಾಸದಲ್ಲಿ ಕಣ್ಣಿನಿಂದ ಕಾಣುವುದು ಬೇರೆ. ಮನೆಮನೆಯ ಮುಂದಿನ ಕಣದಲ್ಲಿಯೂ ಕುಯ್ದ ಹಣ್ಣನ್ನು ಹರಡಿರುತ್ತಾರೆ. ಹೊಸದಾಗಿ ಹರಡಿದುದು ಕೆಂಪು, ನಾಲ್ಕು ದಿನ ಒಣಗಿದುದು ಕಂದು, ಹತ್ತು ಹದಿನೈದು ದಿನ ಒಣಗಿದುದು ಹೆಚ್ಚುಕಡಮೆ ಕಪ್ಪು. ಈ ಕಣದ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಇದೇ ನಮ್ಮ ಪಾಂಡಿತ್ಯವನ್ನು ಮುರಿಯಿತು.

ಸುಂಟಿಕೊಪ್ಪವು ಮಡಿಕೇರಿಗೆ ಸುಮಾರು 15 ಕಿಲೋಮೀಟರು ಈಚೆಗಿದೆ. ಹೆದ್ದಾರಿಯೇ ಅದರ ಪೇಟೆಬೀದಿ. ಅಲ್ಲಿಂದ ಒಂದು ರಸ್ತೆಯು ಮಾದಾಪುರದ ಕಡೆಗೆ ಕವಲೊಡೆದು ಸೋಮವಾರಪೇಟೆಗೆ ಹೋಗುವುದು. ಪೇಟೆಯಲ್ಲಿ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಕನ್ನಡ, ಕೊಡವ, ಅರೆಭಾಷೆ, ಮಲೆಯಾಳ, ತಮಿಳು, ತುಳು ಎಲ್ಲವೂ ಕಿವಿಗೆ ಬಿದ್ದುವು. ಊರಿನ ಹೆಸರಿನಲ್ಲಿ ಶುಂಠಿಯು ಇದೆಯೋ ಇಲ್ಲವೋ ಎಂದು ವಿಚಾರಿಸುವ ಚಪಲವು ನಮಗೆ ಹುಟ್ಟಿತಾದರೂ, ಎದುರಿಗೆ ಬಂದ ಕಾಫಿಯ ಲೋಟವು ಅದನ್ನು ಮರೆಯಿಸಿತು.

ಶಿಷ್ಯನ ಅಂಗಡಿ ಚಿಕ್ಕದು. ಮುಂದೆ ಗುರುತಿನ ಚೀಟಿಗೆ ಬೇಕಾದ ಭಾವಚಿತ್ರಗಳನ್ನು ತೆಗೆಯುವ ಒಂದು ಮೂಲೆ, ಹಿಂದೆ ಕಂಪ್ಯೂಟರು. ನಾವು ಹೋದ ದಿನ ಅವನು ಆ ಯಂತ್ರದ ಮುಂದೆ ಕುಳಿತು ಒಂದು ಹಳೆಯ ಪಟವನ್ನು ರಿಪೇರಿ ಮಾಡುತ್ತಿದ್ದನು. ರಿಪೇರಿ ಎಂಬುದು ಅವನದೇ ಮಾತು. ಆ ಪಟದ ವೃತ್ತಾಂತವನ್ನು ಕೇಳಿದ ಮೇಲೆ ನಾಲ್ಕು ದಿನವೂ ನಾವು ಊರು ನೋಡುವುದನ್ನು ಬಿಟ್ಟು ಅದರ ಹಿಂದೆಯೇ ಬಿದ್ದೆವು.

2018ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಸುರಿದ ಮಳೆಯನ್ನೂ, ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಮೊದಲಾದ ಕಡೆಗಳಲ್ಲಿ ಬೆಟ್ಟಗಳು ಜಾರಿ ಮನೆ ತೋಟಗಳನ್ನು ಹೊತ್ತುಕೊಂಡು ಹೋದುದನ್ನೂ ವಾಚಕರು ಮರೆತಿರಲಾರರು. ಉಟ್ಟ ಬಟ್ಟೆಯಲ್ಲಿ ಓಡಿ ಬದುಕಿದವರು ಎಷ್ಟೋ ಜನ. ತರುವಾಯ ಜಂಬೂರು, ಕರ್ಣಂಗೇರಿ, ಮದೆನಾಡುಗಳಲ್ಲಿ ಅಂಥವರಿಗೆ ಹೊಸ ಮನೆಗಳಾದುವು. ಹೀಗೆ ಹೊಸಮನೆ ಸೇರಿದ ಒಬ್ಬ ವೃದ್ಧೆಯದು ಆ ಪಟ. ಮಾದಾಪುರದಾಚೆ ಒಂದು ಇಳಿಜಾರಿನಲ್ಲಿದ್ದ ಆಕೆಯ ಮನೆಯೂ, ಮನೆಯಲ್ಲಿದ್ದ ಸಮಸ್ತವೂ ಮಣ್ಣಿನೊಳಗೆ ಹೋದುವು. ಮಗಳ ಮನೆಯಲ್ಲಿದ್ದ ಈ ಒಂದು ಪಟ ಮಾತ್ರ ಉಳಿಯಿತು. ಉಳಿದುದೂ ನೆಟ್ಟಗೆ ಉಳಿಯಲಿಲ್ಲ. ಅದೇ ಮಳೆಯಲ್ಲಿ ಮಗಳ ಮನೆಯ ಗೋಡೆ ಸೋರಿ, ಚೌಕಟ್ಟಿನೊಳಗೆ ನೀರಿಳಿದು, ಪಟದ ಮೇಲ್ಭಾಗವು ಗಾಜಿಗೆ ಅಂಟಿಕೊಂಡು ಕಿತ್ತುಹೋಗಿತ್ತು.

ಕಪ್ಪುಬಿಳುಪಿನ ಪಟ, ತೆಗೆದು ನಲವತ್ತು ವರ್ಷಗಳ ಮೇಲಾಗಿದೆ. ಹಂಚಿನ ಮನೆ, ಎಡಕ್ಕೆ ಒಂದು ದೊಡ್ಡ ಹಲಸಿನ ಮರ, ಹಿಂದೆ ಬೆಟ್ಟದ ಸಾಲು. ಮನೆಯ ಮುಂದಿನ ಕಣದಲ್ಲಿ ಕಾಫಿ ಹರಡಿದೆ. ಕಣದ ಅಂಚಿನಲ್ಲಿ ಯಜಮಾನರು ಬಿಳಿಯ ಅಂಗಿ ಪಂಚೆಗಳಲ್ಲಿ ನೆಟ್ಟಗೆ ನಿಂತಿದ್ದಾರೆ. ಅವರಿಗೆ, ಮನೆಗೆ, ಮರಕ್ಕೆ ಏನೂ ಆಗಿಲ್ಲ. ಆಕಾಶ ಮಾತ್ರ ಇಲ್ಲ. ಅರ್ಧ ಕಿತ್ತುಹೋಗಿದೆ, ಅರ್ಧ ಚಹದ ಬಣ್ಣದ ಕಲೆಯಾಗಿದೆ. ಬಲಗಡೆ ಕೆಳಮೂಲೆಯಲ್ಲಿ ಕಣದ ಮೇಲೆ ಚಾಚಿದ ಯಾವುದೋ ಒಂದು ನೆರಳು, ಕೈಯಲ್ಲಿ ಕೋಲು ಹಿಡಿದವರ ನೆರಳಿನಂತೆ ಕಾಣುತ್ತಿತ್ತು. "ಹೊಸ ಮನೆಯ ಗೋಡೆಗೆ ಹಾಕಬೇಕು, ಚೆನ್ನಾಗಿ ಮಾಡಿಕೊಡಿ" ಎಂದು ಮೊಮ್ಮಗನು ತಂದುಕೊಟ್ಟಿದ್ದನು.

"ಆಕಾಶವನ್ನು ಹೊಸದಾಗಿ ಮಾಡಬೇಕು ಮೇಷ್ಟ್ರೇ. ಬರಿಯ ಬಿಳುಪು ಬಿಟ್ಟರೆ ಸಪ್ಪೆ. ಒಂದಿಷ್ಟು ಮೋಡ ಹಾಕುತ್ತೇನೆ" ಎಂದನು ಶಿಷ್ಯನು. ಮೋಡವನ್ನು ಹಾಕುವುದೆಂದರೇನು! ಯಕ್ಷನು ಮೋಡವನ್ನು ದೂತನನ್ನಾಗಿ ಮಾಡಿದುದನ್ನು ಮೂವತ್ತು ವರ್ಷ ಪಾಠ ಹೇಳಿದ ನಮಗೆ ಮೋಡವನ್ನೇ ಮಾಡುವವನನ್ನು ಕಾಣುವ ಕುತೂಹಲವುಂಟಾಯಿತು.

ಕ್ಯಾಮೆರಾಕ್ಕೆ ಆಕಾಶವು ಮೊದಲಿನಿಂದಲೂ ವಶವಾಗದ ವಸ್ತು. ನಮ್ಮ ಕಣ್ಣು ಜಗಲಿಯ ಕತ್ತಲೆಯನ್ನೂ ಹೊರಗಿನ ಬೆಳಕನ್ನೂ ಸರದಿಯಂತೆ ಹೊಂದಿಸಿಕೊಂಡು ನೋಡುವುದು. ಕ್ಯಾಮೆರಾಕ್ಕೆ ಅದು ಸಾಧ್ಯವಿಲ್ಲ. ಜಗಲಿಯಲ್ಲಿ ಕುಳಿತವರ ಮುಖವು ಕಾಣಬೇಕೆಂದು ಬೆಳಕು ಬಿಟ್ಟರೆ ಆಕಾಶವು ಸುಣ್ಣ ಬಳಿದ ಗೋಡೆಯಾಗುವುದು. ಹತ್ತೊಂಬತ್ತನೆಯ ಶತಮಾನದ ಗಾಜಿನ ಫಲಕಗಳಲ್ಲಿ ಈ ದೋಷವು ಇನ್ನೂ ಹೆಚ್ಚು. ಅವು ನೀಲಿಯ ಬೆಳಕಿಗೆ ಮಾತ್ರ ಬೇಗ ಸ್ಪಂದಿಸುತ್ತಿದ್ದುದರಿಂದ, ನೆಲವು ಮೂಡುವುದರೊಳಗೆ ನೀಲಾಕಾಶವೂ ಮೋಡವೂ ಒಂದೇ ಬಿಳುಪಾಗಿಬಿಡುತ್ತಿದ್ದುವು. ಫ್ರಾನ್ಸ್ ದೇಶದ ಗುಸ್ತಾವ್ ಲ ಗ್ರೇ ಎಂಬವನು 1856–57ರ ಸುಮಾರಿಗೆ ತೆಗೆದ ಸಮುದ್ರದ ಚಿತ್ರಗಳಲ್ಲಿ ಕೆಲವಕ್ಕೆ, ಕಡಲಿಗೆ ಒಂದು ನೆಗೆಟಿವ್, ಮುಗಿಲಿಗೆ ಮತ್ತೊಂದು ನೆಗೆಟಿವ್ ತೆಗೆದು, ಒಂದನ್ನು ಮುಚ್ಚಿ ಇನ್ನೊಂದನ್ನು ಒಂದೇ ಕಾಗದದ ಮೇಲೆ ಅಚ್ಚುಮಾಡಿದನು. ಇಂಗ್ಲೆಂಡಿನಲ್ಲಿ ರೈಲಾಂಡರ್ ಎಂಬವನು 1857ರಲ್ಲಿ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ಚಿತ್ರವನ್ನು ಮಾಡಿದನು. ಆಮೇಲೆ ಇದು ಕತ್ತಲೆಕೋಣೆಯ ನಿತ್ಯಕರ್ಮವೇ ಆಯಿತು. ಮೋಡದ ನೆಗೆಟಿವ್‌ಗಳನ್ನು ಬೇರೆಯಾಗಿ ಕೂಡಿಟ್ಟುಕೊಂಡು, ಬೇಕಾದ ಬೆಟ್ಟದ ಮೇಲೆ ಬೇಕಾದ ಮೋಡವನ್ನು ಕೂರಿಸುತ್ತಿದ್ದರು. ಆದುದರಿಂದ ಇದನ್ನು ಕೇವಲ ಕಂಪ್ಯೂಟರಿನ ಕಳ್ಳಾಟವೆಂದು ಹಳಿಯುವವರು ಇತಿಹಾಸವನ್ನರಿಯದವರು.

ಕಂಪ್ಯೂಟರು ಮಾಡಿದುದೇನೆಂದರೆ, ಕಾಗದದ ತುಂಡಿನಿಂದ ಮುಚ್ಚುವ ಕೆಲಸವನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿಸಿತು. ಅಮೆರಿಕದ ಥಾಮಸ್ ನೋಲ್, ಜಾನ್ ನೋಲ್ ಎಂಬ ಸಹೋದರರು ಆರಂಭಿಸಿದ ಫೋಟೋಶಾಪ್ ಎಂಬ ಸಾಧನವು 1990ರಲ್ಲಿ ಅಡೋಬಿ ಸಂಸ್ಥೆಯಿಂದ ಹೊರಬಂದಿತು. ಚಿತ್ರವನ್ನು ಒಂದರ ಮೇಲೊಂದು ಹಾಸಿದ ತೆಳುಪದರಗಳಂತೆ ಇಡುವ ಸೌಕರ್ಯವು ಅದಕ್ಕೆ 1994ರಲ್ಲಿ ಸೇರಿತು. ಹಣ ಕೊಡಲಾರದ ವಿದ್ಯಾರ್ಥಿಗಳಿಗೆ ಗಿಂಪ್ ಎಂಬ ಇನ್ನೊಂದುಂಟು. 1995ರಲ್ಲಿ ಇಬ್ಬರು ವಿದ್ಯಾರ್ಥಿಗಳೇ ಆರಂಭಿಸಿದ ಅದನ್ನು ಯಾರು ಬೇಕಾದರೂ ಹಣವಿಲ್ಲದೆ ಪಡೆಯಬಹುದು. ಇಲ್ಲಿ ಹೇಳುವ ಕೆಲಸವೆಲ್ಲವೂ ಅದರಲ್ಲಿಯೂ ಆಗುತ್ತದೆ.

ಶಿಷ್ಯನು ನಮಗೆ ಮೊದಲು ಹೇಳಿಕೊಟ್ಟುದು 'ಸೆಲೆಕ್ಷನ್' ಎಂಬುದನ್ನು. ಚಿತ್ರದ ಯಾವ ಭಾಗದ ಮೇಲೆ ಕೆಲಸ ಮಾಡಬೇಕೋ ಅದನ್ನು ಗೆರೆಯೆಳೆದು ಆರಿಸಿಕೊಳ್ಳುವುದು. ಗೆರೆ ಮುಗಿದೊಡನೆ ಅದು ಕಪ್ಪುಬಿಳುಪಿನ ಚುಕ್ಕೆಗಳಾಗಿ, ಇರುವೆಯ ಸಾಲಿನಂತೆ ಓಡತೊಡಗುವುದು. ಇರುವೆಸಾಲಿನ ಒಳಗಿನದಕ್ಕೆ ಮಾತ್ರ ಬಣ್ಣ ಹತ್ತುವುದು, ಹೊರಗಿನದಕ್ಕೆ ಹತ್ತದು. ಮನೆಯ ಮಾಡಿಗೆ ಇದು ಸುಲಭ. ಹಲಸಿನ ಮರಕ್ಕೆ? ಎಲೆ ಎಲೆಗಳ ನಡುವೆ ಆಕಾಶದ ತುಣುಕುಗಳು. ಕೈಯಲ್ಲಿ ಗೆರೆಯೆಳೆಯುವುದಕ್ಕೆ ಆಯುಸ್ಸು ಸಾಲದು. ನಾವು ಪ್ರಯತ್ನಿಸಿ, ಮರದ ತಲೆಯ ಸುತ್ತಲೂ ದೇವರ ಪಟದ ಪ್ರಭಾವಳಿಯಂತೆ ಒಂದು ಬಿಳಿಯ ಅಂಚನ್ನು ಮಾಡಿಟ್ಟೆವು.

ಅದಕ್ಕೆ ಬೇರೊಂದು ಉಪಾಯವಿದೆ. 'ಮಾಸ್ಕ್' ಎಂದರೆ ಮುಖವಾಡವೆಂದೇ ನಾವು ತಿಳಿದಿದ್ದೆವು. ಇಲ್ಲಿ ಅದು ಪದರದ ಮೇಲೆ ಹೊದೆಯಿಸುವ ಒಂದು ಮುಸುಕು. ಮುಸುಕಿನಲ್ಲಿ ಬಿಳಿಯಿದ್ದ ಕಡೆ ಮೇಲಿನ ಪದರವು ಕಾಣುವುದು, ಕಪ್ಪಿದ್ದ ಕಡೆ ಅದು ಮರೆಯಾಗಿ ಕೆಳಗಿನದು ಕಾಣುವುದು, ಬೂದಿಬಣ್ಣವಿದ್ದ ಕಡೆ ಅರೆಮರೆ. ಸಾಮಾನ್ಯವಾಗಿ ಕಪ್ಪಿನಿಂದ ಬಿಳುಪಿನವರೆಗೆ 256 ಮೆಟ್ಟಿಲುಗಳಿರುವುದರಿಂದ ಮರೆಯೂ ಅಷ್ಟು ಬಗೆ. ಇನ್ನೂ ಚಮತ್ಕಾರವೆಂದರೆ, ಆ ಮುಸುಕನ್ನು ಕೈಯಲ್ಲಿ ಬರೆಯಬೇಕಾಗಿಲ್ಲ. ಚಿತ್ರದಿಂದಲೇ ಅದನ್ನು ತೆಗೆಯಬಹುದು. ಪಟವು ಕಪ್ಪುಬಿಳುಪಿನದಾದರೂ ಶಿಷ್ಯನು ಅದನ್ನು ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಿದ್ದನು. ಬಣ್ಣದ ಚಿತ್ರವು ಕೆಂಪು, ಹಸುರು, ನೀಲಿಗಳೆಂಬ ಮೂರು ಪಾಲುಗಳಿಂದಾದುದಷ್ಟೆ. ಆ ಮೂರನ್ನೂ ಬೇರೆಬೇರೆಯಾಗಿ ತೋರಿಸಿದನು. ನೀಲಿಯ ಪಾಲಿನಲ್ಲಿ ಚಹದ ಬಣ್ಣದ ಕಲೆಯು ಮಸಿಯಂತೆ ಕಪ್ಪಾಗಿತ್ತು. ಕೆಂಪಿನ ಪಾಲಿನಲ್ಲಿ ಅದೇ ಕಲೆಯು ಬಹುಮಟ್ಟಿಗೆ ಮಾಯವಾಗಿ, ಅದರಡಿಯಲ್ಲಿದ್ದ ಎಲೆಗಳೂ ಬೆಟ್ಟದ ರೇಖೆಯೂ ತಾವಾಗಿ ಎದ್ದು ಬಂದುವು. ಕೆಂಪಿನ ಪಾಲಿನ ಒಂದು ಪ್ರತಿಯನ್ನು ತೆಗೆದು, ಬಿಳುಪು ಅಚ್ಚಬಿಳುಪಾಗುವಂತೆಯೂ ಕಪ್ಪು ಅಚ್ಚಗಪ್ಪಾಗುವಂತೆಯೂ ಒತ್ತಿದೊಡನೆ ಆಕಾಶವೆಲ್ಲ ಬಿಳುಪು, ಮರವೆಲ್ಲ ಎಲೆಯೆಲೆಯಾಗಿ ಕಪ್ಪು. ಅದೇ ಮುಸುಕು! ಕಿತ್ತುಹೋದ ಕಡೆಗಳನ್ನು ಮಾತ್ರ ಅವನು ಕೈಯಿಂದ ತುಂಬಿದನು.

ಆ ಮೇಲೆ ಮೋಡ. ಫೋಟೋಶಾಪಿನಲ್ಲಿ ಮೋಡವನ್ನು ಹುಟ್ಟಿಸುವುದಕ್ಕೆಂದೇ ಒಂದು ಆಜ್ಞೆಯಿದೆ. ಎರಡು ಬಣ್ಣಗಳನ್ನು ಕೊಟ್ಟು ಆಜ್ಞಾಪಿಸಿದರೆ ಅವೆರಡನ್ನೂ ಅಡ್ಡಾದಿಡ್ಡಿಯಾಗಿ ಬೆರಸಿ ಹೊಗೆಯಂತಹ ಒಂದು ಹರಹನ್ನು ಮಾಡುವುದು, ಮತ್ತೆ ಆಜ್ಞಾಪಿಸಿದರೆ ಬೇರೊಂದು, ಒಂದರಂತೆ ಮತ್ತೊಂದಿಲ್ಲ. ಇಂಥ ಕೃತಕ ಹೊಗೆಯ ಗಣಿತಕ್ಕೆ ದಾರಿ ತೋರಿದವರಲ್ಲಿ ಕೆನ್ ಪರ್ಲಿನ್ ಎಂಬವರು ಮುಖ್ಯರು. 'ಟ್ರಾನ್' ಎಂಬ 1982ರ ಚಲನಚಿತ್ರದಲ್ಲಿ ಕೆಲಸ ಮಾಡಿದ ತರುವಾಯ, ಕಂಪ್ಯೂಟರಿನ ಚಿತ್ರಗಳು ತೀರ ನಯವಾಗಿ ಸುಳ್ಳೆನಿಸುತ್ತವೆಂದು ಅವರು ಈ ವಿಧಾನವನ್ನು ಕಂಡುಹಿಡಿದು 1985ರಲ್ಲಿ ಪ್ರಕಟಿಸಿದರು. ದೊಡ್ಡ ಅಲೆಯ ಮೇಲೆ ಚಿಕ್ಕ ಅಲೆ, ಅದರ ಮೇಲೆ ಇನ್ನೂ ಚಿಕ್ಕದು, ಹೀಗೆ ಕೂಡಿಸುತ್ತ ಹೋಗುವುದೇ ಅದರ ಗುಟ್ಟು. ಆದರೆ ಆ ಹೊಗೆ ಹಾಗೆಯೇ ಆಕಾಶವಾಗುವುದಿಲ್ಲ. ನಿಜವಾದ ಮೋಡಗಳು ನೆತ್ತಿಯ ಮೇಲೆ ಅಗಲವಾಗಿಯೂ, ದಿಗಂತದ ಕಡೆಗೆ ಹೋದಷ್ಟೂ ಚಪ್ಪಟೆಯಾಗಿಯೂ ಕಾಣುತ್ತವಲ್ಲವೇ? ಅದಕ್ಕಾಗಿ ಹೊಗೆಯ ಪದರದ ಮೇಲಂಚನ್ನು ಹಿಗ್ಗಿಸಿ ಕೆಳಗನ್ನು ಒತ್ತಬೇಕು. ದಿಗಂತದಲ್ಲಿ ಮಬ್ಬು ಹೆಚ್ಚಾದುದರಿಂದ ಅಲ್ಲಿ ಮೋಡವು ಕರಗುವಂತೆ ಮುಸುಕನ್ನು ಮೆಲ್ಲಗೆ ಕಪ್ಪಾಗಿಸಬೇಕು. ಹಳೆಯ ಪಟದಲ್ಲಿ ಫಿಲ್ಮಿನ ಮರಳುಮರಳಾದ ಕಣಗಳಿರುವುದರಿಂದ ಹೊಸ ಆಕಾಶಕ್ಕೂ ಅಷ್ಟೇ ಮರಳನ್ನು ಚೆಲ್ಲಬೇಕು. ಇಲ್ಲವಾದರೆ ಹಳೆಯ ಪಂಚೆಗೆ ಹೊಸ ತೇಪೆ ಹಾಕಿದಂತೆ.

ಈ ಕೆಲಸದ ನಡುವೆ ಒಂದು ಸಂಗತಿ ನಡೆಯಿತು. ಮುಸುಕನ್ನು ಹೊದೆಯಿಸಿ ಹೊಗೆಯ ಪದರವನ್ನು ತೆರೆದೊಡನೆ, ಮೋಡವು ಆಕಾಶದಲ್ಲಿ ಮಾತ್ರವಲ್ಲದೆ ಯಜಮಾನರ ಎದೆಯಲ್ಲಿಯೂ ಕಾಣಿಸಿತು. ಅವರ ಬಿಳಿಯ ಅಂಗಿಯು ಆಕಾಶದಷ್ಟೇ ಬೆಳ್ಳಗಿದ್ದುದರಿಂದ ಮುಸುಕು ಅದನ್ನೂ ಆಕಾಶವೆಂದೇ ಎಣಿಸಿತ್ತು. ಮುಖವೂ ಕೈಕಾಲುಗಳೂ ಇವೆ. ನಡುವೆ ಮುಗಿಲು ತೇಲುತ್ತಿದೆ! ನಾವು ಬೆಚ್ಚಿದೆವು. ಶಿಷ್ಯನು ಏನೂ ಆಗದವನಂತೆ ಕಪ್ಪು ಬಣ್ಣವನ್ನು ತೆಗೆದುಕೊಂಡು ಮುಸುಕಿನಲ್ಲಿ ಆ ಭಾಗವನ್ನು ಬಳಿದನು. ಯಜಮಾನರು ಮರಳಿ ಮೈತುಂಬಿಕೊಂಡರು.

ಯಂತ್ರದ ಹೊಗೆಯು ಅಡಿಗೆಮನೆಯ ಹೊಗೆಯಂತೆಯೇ ಉಳಿಯಿತೆಂದು ಕಡೆಗೆ ಶಿಷ್ಯನು ಅದನ್ನು ಬಿಟ್ಟು, ತಾನೇ ಮಳೆಗಾಲದ ಮೊದಲಲ್ಲಿ ತೆಗೆದಿಟ್ಟಿದ್ದ ಒಂದು ಆಕಾಶವನ್ನು ತಂದು ಕೂರಿಸಿದನು. ಬೆಟ್ಟದ ಹಿಂದಿನಿಂದ ರಾಶಿರಾಶಿಯಾಗಿ ಏಳುವ, ಅಂಚಿನಲ್ಲಿ ಬೆಳ್ಳಿಯಂತೆ ಹೊಳೆಯುವ, ಹೊಟ್ಟೆಯಲ್ಲಿ ಕಪ್ಪಾದ ಮಹಾಮೇಘಗಳು. ಕಣದಲ್ಲಿ ಹೆಚ್ಚಿದ ಆ ನೆರಳನ್ನೂ ಸ್ವಚ್ಛಮಾಡಿದನು. ಕಣದ ಬೇರೊಂದು ಭಾಗದ ನಕಲನ್ನು ಅದರ ಮೇಲೆ ಪದರವಾಗಿ ಹಾಸಿ ಮುಸುಕಿನಿಂದ ಹೊಂದಿಸಿದನು. ಒಂದು ಪ್ರತಿಯನ್ನು ಅಚ್ಚುಮಾಡಿ ನಮ್ಮ ಕೈಗೆ ಕೊಟ್ಟನು. ಬಹು ಭವ್ಯವಾಗಿತ್ತು. ಅಮರಸಿಂಹನು ಮೇಘಕ್ಕೆ ಹೇಳಿರುವ ಹದಿನೈದು ಹೆಸರುಗಳನ್ನೂ ಅವನಿಗೆ ಒಪ್ಪಿಸಿ, ಇವು ಜೀಮೂತಗಳೇ ಸರಿ ಎಂದು ಶಿಫಾರಸು ಕೊಟ್ಟೆವು. ಲ್ಯೂಕ್ ಹೋವಾರ್ಡ್ ಎಂಬ ಆಂಗ್ಲನು 1802ರಲ್ಲಿ ಮೋಡಗಳನ್ನು ಎಳೆಮೋಡ, ರಾಶಿಮೋಡ, ಹಾಸುಮೋಡಗಳೆಂದು ವಿಂಗಡಿಸಿ ಲ್ಯಾಟಿನ್ ಹೆಸರು ಕೊಟ್ಟುದನ್ನೂ ಹೇಳಿದೆವು. ಮೇಷ್ಟರಾದವರಿಗೆ ಗೊತ್ತಿರುವುದನ್ನು ಹೇಳದೆ ಇರುವುದು ಕಷ್ಟ.

ಮಾರನೆಯ ದಿನ ವೃದ್ಧೆಯು ಮೊಮ್ಮಗನೊಡನೆ ಬಂದರು. ಎಪ್ಪತ್ತೈದು ದಾಟಿರಬೇಕು, ಮೈ ಬಾಗಿಲ್ಲ. ಪಟವನ್ನು ಕೈಗೆ ತೆಗೆದುಕೊಂಡು ಬಾಗಿಲಿನ ಬೆಳಕಿಗೆ ಹೋಗಿ ಬಹಳ ಹೊತ್ತು ನೋಡಿದರು.

"ಚೆನ್ನಾಗಿದ್ಯಾ ಅಜ್ಜೀ?" ಎಂದನು ಮೊಮ್ಮಗ.

"ಚೆನ್ನಾಗಿದೆ. ಆದ್ರೆ ಈ ಮೋಡ ಎಲ್ಲಿಂದ ಬಂತು?"

ಶಿಷ್ಯನು ಹೇಳಿದನು. ಅವರು ತಲೆಯಲ್ಲಾಡಿಸಿದರು. "ಕಣದಲ್ಲಿ ಕಾಫಿ ಹರಡಿದೆ. ಇಂಥಾ ಮೋಡ ಎದ್ದು ಬಂದಿದ್ರೆ ಅವ್ರು ಹೀಗೆ ಕೈಕಟ್ಟಿಕೊಂಡು ಫೋಟೋಕ್ಕೆ ನಿಂತಿರ್ತಿದ್ರಾ? ಕಾಫಿ ರಾಶಿ ಮಾಡೋದಕ್ಕೆ ಓಡ್ತಿದ್ರು. ನೋಡಿದವರು ಏನಂತಾರೆ? ಮಳೆ ತಲೆ ಮೇಲಿದೆ, ಈ ಮನುಷ್ಯ ಬೆಳೆ ನೆನೆಯೋಕೆ ಬಿಟ್ಟು ನಿಂತಿದ್ದಾನೆ ಅಂತಾರೆ."

ನಮಗೆ ಮುಖವೆತ್ತಲಾಗಲಿಲ್ಲ. ಹದಿನೈದು ಹೆಸರು ಬಲ್ಲ ನಾವು, ಒಣಹಾಕಿದ ಫಸಲಿನ ಮೇಲೆ ಮೋಡವೆಂದರೆ ಏನೆಂಬುದನ್ನು ಯೋಚಿಸಿರಲಿಲ್ಲ. ಹತ್ತು ದಿನ ಒಣಗಿದ ಕಾಫಿಯು ಒಂದು ಗಂಟೆಯ ಮಳೆಯಲ್ಲಿ ನೆನೆದರೆ ಬೂಷ್ಟು ಹಿಡಿದು ವರ್ಷದ ದುಡಿಮೆಗೆ ಪೆಟ್ಟು ಬೀಳುತ್ತದೆ. ನಾವು ಆಕಾಶವನ್ನು ಅಂದಗಾಣಿಸುವ ಭರದಲ್ಲಿ, ತೀರಿಹೋದ ಒಬ್ಬ ಗೃಹಸ್ಥನನ್ನು ಬೇಜವಾಬ್ದಾರಿಯ ಮನುಷ್ಯನನ್ನಾಗಿ ಮಾಡಿದ್ದೆವು. ಪಟವನ್ನು ಮತ್ತೊಮ್ಮೆ ನೋಡಲಾಗಿ ಸಾಕ್ಷ್ಯವು ಅದರಲ್ಲಿಯೇ ಇದ್ದಿತು. ಮಾಡಿನ ನೆರಳೂ ಹಲಸಿನ ನೆರಳೂ ಕತ್ತರಿಸಿದಂತೆ ಸ್ಪಷ್ಟವಾಗಿ ಎಡಕ್ಕೆ ಉದ್ದವಾಗಿ ಬಿದ್ದಿವೆ. ಸೂರ್ಯನಿಗೆ ಯಾವ ಮರೆಯೂ ಇಲ್ಲದ ಬೆಳಗಿನ ಹೊತ್ತು ಎಂಬುದಕ್ಕೆ ಬೇರೆ ಪ್ರಮಾಣವೇಕೆ?

"ಆ ದಿನ ತಾವು ಅಲ್ಲಿದ್ದಿರಾ ತಾಯಿ?" ಎಂದೆವು.

"ಇದ್ದೆನಲ್ಲ, ಇಲ್ಲೇ…" ಎಂದು ಪಟದ ಬಲಮೂಲೆಗೆ ಬೆರಳು ಇಟ್ಟವರು ಅಲ್ಲಿಯೇ ನಿಲ್ಲಿಸಿದರು. ಅಲ್ಲಿ ಬರಿಯ ಕಾಫಿ. ಹಳೆಯ ಪಟವನ್ನು ತೆಗೆಯಿಸಿ ಹೋಲಿಸಿ ನೋಡಿದರು. "ನನ್ನ ನೆರಳಿತ್ತು. ಕಾಫಿ ತಿರುವೋ ಹಲಗೆ ಹಿಡ್ಕೊಂಡು ನಿಂತಿದ್ದೆ. ಪೇಟೆಯಿಂದ ಬಂದವನು ನನ್ನನ್ನೂ ಕರೆದ, ನಾನೇ ಹೋಗ್ಲಿಲ್ಲ, ಕೆಲಸದ ಸೀರೆ."

ಆ ಮನೆಯ ಮುಂದೆ ತೆಗೆದ ಬೇರೆ ಯಾವ ಪಟದಲ್ಲಿಯೂ ಅವರಿರಲಿಲ್ಲ. ಇದ್ದ ಪಟಗಳೂ ಮಣ್ಣುಪಾಲಾಗಿದ್ದುವು. ಶಿಷ್ಯನ ಮುಖವು ಬಿಳುಪೇರಿತು. ಮಾತನಾಡದೆ ಯಂತ್ರದ ಮುಂದೆ ಕುಳಿತು, ನೆರಳಿನ ಮೇಲೆ ಹಾಸಿದ್ದ ಪದರದ ಮುಸುಕನ್ನು ಪೂರ್ತಿ ಕಪ್ಪಾಗಿಸಿದನು. ನೆರಳು ಮೆಲ್ಲನೆ ಕಣದ ಮೇಲೆ ಮೊದಲಿನಂತೆ ಚಾಚಿಕೊಂಡಿತು. ಅಳಿಸುವುದಕ್ಕೂ ಮುಸುಕು ಹಾಕುವುದಕ್ಕೂ ಇರುವ ಅಂತರವನ್ನು ಅವನು ಎರಡು ದಿನದಿಂದ ನಮಗೆ ಹೇಳುತ್ತಲೇ ಇದ್ದನು. ಅಳಿಸಿದುದು ಹೋಯಿತು, ಮುಸುಕಿದುದು ಕೆಳಗೆ ಇದ್ದೇ ಇರುತ್ತದೆ, ಎಂದು. ಆಗ ಅದು ತಲೆಗೆ ಹತ್ತಿರಲಿಲ್ಲ.

"ಹಾಗಾದರೆ ಆಕಾಶ ಹೇಗಿತ್ತು?" ಎಂದು ಶಿಷ್ಯನು ವಿನಯದಿಂದ ಕೇಳಿದನು.

"ಹೇಗಿರುತ್ತೆ? ಬೆಳಿಗ್ಗೆ ಕೊಲ್ಲಿಯಲ್ಲಿ ಮಂಜು. ಬಿಸಿಲು ಬಂದ ಮೇಲೆ ಬೆಟ್ಟದ ಮೇಲಕ್ಕೆ ಹತ್ತಿ ಹೋಗ್ತದೆ. ನೀವೇ ಹೋಗಿ ನೋಡಿ, ಈಗಲೂ ಅದೇ ತಿಂಗಳಲ್ಲವಾ."

ಹೋದೆವು. ಮೂರನೆಯ ದಿನ ಬೆಳಕು ಹರಿಯುವ ಮುನ್ನ ಶಿಷ್ಯನ ಬೈಕಿನ ಹಿಂದೆ ಕಂಬಳಿ ಸುತ್ತಿಕೊಂಡು ಕುಳಿತು ಮಾದಾಪುರದ ದಾರಿ ಹಿಡಿದೆವು. ಈ ವಯಸ್ಸಿನಲ್ಲಿ ಇದು ತಕ್ಕುದಲ್ಲವೆಂದು ಮನೆಯವರು ಓದಿದ ಮೇಲೆ ಹೇಳುವರು, ಹೇಳಲಿ. ತೋಟಗಳ ನಡುವೆ ಕತ್ತಲೆ. ಮರಗಳಿಂದ ಇಬ್ಬನಿಯು ಮಳೆಯಂತೆ ತೊಟ್ಟಿಕ್ಕುತ್ತಿದ್ದಿತು. ಮಾದಾಪುರವನ್ನು ದಾಟಿ ಒಂದು ತಿರುವಿನಲ್ಲಿ ನಿಂತೆವು. ಬೆಳಕಾದಂತೆ ಎದುರಿಗೆ ಕೋಟೆಬೆಟ್ಟವು ಮೂಡಿತು. ಸುಮಾರು 1,600 ಮೀಟರು ಎತ್ತರದ ಬೆಟ್ಟ. ಅದರ ಕೆಳಗಿನ ಕೊಲ್ಲಿಗಳೆಲ್ಲ ಹಾಲು ತುಂಬಿದ ತಟ್ಟೆಗಳಂತೆ ಮಂಜಿನಿಂದ ತುಂಬಿದ್ದುವು. ಚಳಿಗಾಲದ ನಿರ್ಮಲವಾದ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುವುದು. ತಂಪಾದ ಗಾಳಿಯು ಭಾರವಾಗಿ ಇಳಿಜಾರುಗಳಿಂದ ಜಾರಿ ಕೊಲ್ಲಿಗಳಲ್ಲಿ ನಿಲ್ಲುವುದು. ಅದರಲ್ಲಿರುವ ನೀರಿನಾವಿಯು ಹನಿಗಟ್ಟಿ ಮಂಜಾಗುವುದು. ಆದುದರಿಂದಲೇ ಮೇಲೆ ಆಕಾಶವು ಸ್ವಚ್ಛವಾಗಿದ್ದಷ್ಟೂ ಕೆಳಗೆ ಮಂಜು ದಟ್ಟ.

ಶಿಷ್ಯನು ಕೈ ಚಾಚಿ ಎದುರಿನ ಒಂದು ಇಳಿಜಾರನ್ನು ತೋರಿಸಿದನು. ಕಾಡಿನ ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಪಟ್ಟೆಯಲ್ಲಿ ಮಾತ್ರ ದೊಡ್ಡ ಮರಗಳಿಲ್ಲ; ಹುಲ್ಲೂ ಎಳೆಯ ಗಿಡಗಳೂ ಬೆಳೆದು ತಿಳಿಹಸುರಾಗಿತ್ತು. ತಿಳಿಯದವರು ನೋಡಿದರೆ ಹುಲ್ಲುಗಾವಲೆನ್ನುವರು. ಮನೆಯೂ, ಹಲಸಿನ ಮರವೂ, ಕಣವೂ ಅಲ್ಲಿದ್ದುವು. ನಾವು ಬಹಳ ಹೊತ್ತು ಮಾತನಾಡಲಿಲ್ಲ. ಬಿಸಿಲು ಏರಿದಂತೆ ಮಂಜು ಕೊಲ್ಲಿಯಿಂದ ಎದ್ದು, ಆ ಪಟ್ಟೆಯ ಮೇಲೆ ತೆವಳಿ, ಬೆಟ್ಟದ ನೆತ್ತಿಯಲ್ಲಿ ತೆಳುವಾದ ಒಂದು ಹಾಸಾಗಿ, ಹತ್ತರ ಹೊತ್ತಿಗೆ ಇಲ್ಲವಾಯಿತು. ಅಷ್ಟರೊಳಗೆ ಶಿಷ್ಯನು ಹತ್ತಾರು ಚಿತ್ರಗಳನ್ನು ತೆಗೆದಿದ್ದನು.

ಅವುಗಳಲ್ಲಿ ಒಂದನ್ನು ಆರಿಸಿ, ಹಳೆಯ ಮುಸುಕನ್ನೇ ಹೊದೆಯಿಸಿ, ಬೆಳಕು ಬಲದಿಂದಲೇ ಬರುತ್ತಿರುವುದನ್ನು ನೋಡಿಕೊಂಡು, ಸಂಜೆಯೊಳಗಾಗಿ ಕೆಲಸವನ್ನು ಮುಗಿಸಿದನು. ಮೊದಲ ಮೋಡಕ್ಕೆ ಒಂದು ಗಂಟೆ ಹಿಡಿದಿತ್ತು. ಹೆಚ್ಚುಕಡಮೆ ಏನೂ ಇಲ್ಲದ ಈ ಆಕಾಶಕ್ಕೆ ಅರ್ಧ ದಿನ ಹಿಡಿಯಿತು. ಈಚೆಗೆ, 2020ರಿಂದ, ಫೋಟೋಶಾಪಿನಲ್ಲಿ ಆಕಾಶವನ್ನು ಒಂದೇ ಆಜ್ಞೆಯಿಂದ ಬದಲಿಸುವ ಸೌಕರ್ಯವೂ ಬಂದಿದೆಯಂತೆ. ಮದುವೆಯ ಪಟಗಳಿಗೆ ಅದೇ ಸಾಕೆಂದು ಶಿಷ್ಯನು ಹೇಳಿದನು. ಮದುವೆಯ ಪಟದಲ್ಲಿ ಮೋಡ ಹೆಚ್ಚಾದರೆ ಯಾರ ಫಸಲೂ ನೆನೆಯುವುದಿಲ್ಲ, ಮಾಡಲಿ ಎಂದೆವು.

ಒಂದು ವಿಷಯದಲ್ಲಿ ಮಾತ್ರ ನಾವು ಹಟ ಹಿಡಿದೆವು. ನಿಸರ್ಗದ ಛಾಯಾಚಿತ್ರಗಾರರಲ್ಲಿ ಒಂದು ಕಟ್ಟುಪಾಡಿದೆ: ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಸರ್ಗವಿಭಾಗದಲ್ಲಿ ಇಲ್ಲದುದನ್ನು ಸೇರಿಸುವುದೂ ಇದ್ದುದನ್ನು ತೆಗೆಯುವುದೂ ನಿಷಿದ್ಧ. ನಮ್ಮ ನಾಡಿನ ಟಿ. ಎನ್. ಎ. ಪೆರುಮಾಳ್ (1932–2017), ಸಂಡೂರಿನ ಎಂ. ವೈ. ಘೋರ್ಪಡೆ (1931–2011) ಮೊದಲಾದವರು ವನ್ಯಜೀವಿಗಳ ಛಾಯಾಗ್ರಹಣದಲ್ಲಿ ಹೆಸರಾದವರು. ಮನೆಯ ಗೋಡೆಯ ಪಟಕ್ಕೆ ಅಷ್ಟು ಕಟ್ಟುನಿಟ್ಟು ಬೇಡ, ನಿಜ. ಆದರೂ ನಲವತ್ತು ವರ್ಷಗಳ ಮೇಲೆ ಇದನ್ನು ನೋಡುವ ಮಕ್ಕಳಿಗೆ ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳುವವರು ಯಾರಿರುವರು? ಪಟದ ಬೆನ್ನಿನಲ್ಲಿ ಬರೆಯತಕ್ಕದ್ದೆಂದೆವು. ಶಿಷ್ಯನು ಒಪ್ಪಿ, ಅಕ್ಷರ ನಿಮ್ಮದೇ ಇರಲಿ ಮೇಷ್ಟ್ರೇ ಎಂದು ಪೆನ್ನನ್ನು ಕೊಟ್ಟನು. ಆಕಾಶವು ನೀರಿನಿಂದ ಕೆಟ್ಟುದರಿಂದ ಅದೇ ಬೆಟ್ಟದ, ಅದೇ ಮಾಸದ ಆಕಾಶವನ್ನು ಸುಂಟಿಕೊಪ್ಪದಲ್ಲಿ ಸೇರಿಸಲಾಗಿದೆ. ಮನೆ, ಮರ, ಮನುಷ್ಯ, ನೆರಳು ಹಳೆಯವು, ಎಂದು ಬರೆದು ಇಸವಿಯನ್ನು ಹಾಕಿದೆವು.

ನಾವು ಹೊರಡುವ ದಿನ ಬೆಳಿಗ್ಗೆ ವೃದ್ಧೆಯು ಪಟವನ್ನು ಒಯ್ಯಲು ಬಂದರು. ಈ ಬಾರಿ ಆಕಾಶವನ್ನು ಅಷ್ಟಾಗಿ ನೋಡಲೇ ಇಲ್ಲ. ನೆರಳಿದೆಯೇ ಎಂದು ನೋಡಿದರು; ಕಣದ ಕಾಫಿಯನ್ನು ನೋಡಿದರು. ಬೆನ್ನಿನ ಬರಹವನ್ನು ಮೊಮ್ಮಗನಿಂದ ಓದಿಸಿ ಕೇಳಿದರು. ಆಮೇಲೆ ಸೆರಗಿನ ಗಂಟನ್ನು ಬಿಚ್ಚಿ ಹಣ ಎಣಿಸತೊಡಗಿದರು. ಶಿಷ್ಯನು ಬೇಡವೆಂದನು, ಅವರು ಬಿಡಲಿಲ್ಲ. ಕಡೆಗೆ ಚೌಕಟ್ಟಿನ ಬೆಲೆಯನ್ನು ಮಾತ್ರ ತೆಗೆದುಕೊಳ್ಳುವುದೆಂದು ರಾಜಿಯಾಯಿತು.

ಬಸ್ಸು ಬರುವುದು ತಡವಾಯಿತು. ಅವರೂ ಅಲ್ಲಿಯೇ ಮಾದಾಪುರದ ಬಸ್ಸಿಗೆ ಕಾಯುತ್ತಿದ್ದರು. ಪಟವು ವೃತ್ತಪತ್ರಿಕೆಯಲ್ಲಿ ಸುತ್ತಿ ಮೊಮ್ಮಗನ ತೋಳಿನಲ್ಲಿತ್ತು. ಮಡಿಕೇರಿಯ ಕಡೆಯಿಂದ ಒಂದು ತೆಳುಮೋಡವು ಪೇಟೆಯ ಮೇಲೆ ಹಾದುಹೋಯಿತು. ವೃದ್ಧೆಯು ಹಣೆಗೆ ಕೈಯಿಟ್ಟು ಅದನ್ನು ನೋಡಿ, "ಇದು ಮಳೆ ತರೋದಲ್ಲ" ಎಂದು ನಮ್ಮ ಕಡೆ ತಿರುಗಿ ಹೇಳಿದರು. ಆ ದಿನ ಮಳೆ ಬರಲಿಲ್ಲ.